ಮಗು ಮೊದಲು, ಚೀಟಿ ಆಮೇಲೆ
ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ವೈದ್ಯರಿಗೆ ಮಾತ್ರ ಬರೆದದ್ದಲ್ಲ. ಗೇಟಿನ ಸೆಕ್ಯುರಿಟಿಯವರು, ಚೀಟಿ ಬರೆಯುವವರು, ಆಯಾಗಳು, ಸಿಸ್ಟರ್‌ಗಳು, ಆಂಬುಲೆನ್ಸ್ ಚಾಲಕರು, ಡ್ಯೂಟಿ ಡಾಕ್ಟರು, ಹೀಗೆ ಕ್ಯಾಷುವಲ್ಟಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ದೊಡ್ಡವರ ಹೃದಯ ಹಠಾತ್ತನೆ ನಿಂತುಬಿಡಬಹುದು. ಮಕ್ಕಳಲ್ಲಿ ಹಾಗಾಗುವುದು ಕಡಿಮೆ. ಬಹುಪಾಲು ಮಕ್ಕಳಲ್ಲಿ ಮೊದಲು ಉಸಿರು ಸೋಲುತ್ತದೆ, ಇಲ್ಲವೇ ರಕ್ತಸಂಚಾರ ಕುಗ್ಗುತ್ತದೆ. ಹೃದಯ ನಿಲ್ಲುವುದು ಕಟ್ಟಕಡೆಗೆ. ಅಂದರೆ ನಮ್ಮ ಕೈಯಲ್ಲಿ ಸ್ವಲ್ಪ ಸಮಯವಿರುತ್ತದೆ. ಆ ಸಮಯ ಕ್ಯೂನಲ್ಲಿ, ಕೌಂಟರಿನಲ್ಲಿ, ಫೋನಿನಲ್ಲಿ ಕಳೆದುಹೋಗಬಾರದು. ಬಂದ ಮಗುವನ್ನು ಮೊದಲ ಕೆಲವು ನಿಮಿಷಗಳಲ್ಲಿ ಸರಿಯಾಗಿ ನೋಡಿಕೊಳ್ಳುವ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಸಾಧ್ಯ.

1. ಬಾಗಿಲಲ್ಲಿ

ಮಾಡಬೇಕಾದ್ದು:
- ಮಗು ಒಳಗೆ ಬಂದ ಕೂಡಲೇ ಒಬ್ಬರು ಕಣ್ಣಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ವಿಂಗಡಣೆ ಮೂರೇ: ತುರ್ತು, ಆದ್ಯತೆ, ಸರದಿ. ಉಸಿರಾಟಕ್ಕೆ ಒದ್ದಾಡುವ, ಕೈಕಾಲು ತಣ್ಣಗಾಗಿರುವ, ಪ್ರಜ್ಞೆ ತಪ್ಪಿರುವ, ಫಿಟ್ಸ್ ಬರುತ್ತಿರುವ, ಭೇದಿಯಿಂದ ಕಣ್ಣು ಗುಳಿಬಿದ್ದು ಮಂಕಾಗಿರುವ ಮಗು ತುರ್ತು. ಅದಕ್ಕೆ ಆ ಕ್ಷಣವೇ ಚಿಕಿತ್ಸೆ ಶುರುವಾಗಬೇಕು.
- 2 ತಿಂಗಳೊಳಗಿನ ಕೂಸು ನೋಡಲು ಚೆನ್ನಾಗಿದ್ದರೂ ಆದ್ಯತೆಯ ಸಾಲಿಗೇ ಸೇರಬೇಕು.
- ಅಮ್ಮನನ್ನು ಇಷ್ಟಾದರೂ ಕೇಳಬೇಕು: "ಮಗು ಹಾಲು ಕುಡೀತಿದೆಯೇನಮ್ಮಾ? ಕುಡಿದದ್ದೆಲ್ಲ ವಾಂತಿ ಆಗ್ತಿದೆಯಾ? ಕೊನೇ ಸಲ ಉಚ್ಚೆ ಹೊಯ್ದಿದ್ದು ಯಾವಾಗ?"

ಮಾಡಬಾರದ್ದು:
- "ಮೊದಲು ಚೀಟಿ ಮಾಡಿಸ್ಕೊಂಡು ಬನ್ನಿ" ಎಂದು ತುರ್ತು ಸ್ಥಿತಿಯ ಮಗುವನ್ನು ವಾಪಸು ಕಳಿಸಬಾರದು.
- ಜೋರಾಗಿ ಅಳುವ ಮಗುವನ್ನು ಮೊದಲು, ಸುಮ್ಮನಿರುವ ಮಗುವನ್ನು ಆಮೇಲೆ ಎಂದು ನೋಡಬಾರದು. ಗಟ್ಟಿಯಾಗಿ ಅಳುವ ಮಗುವಿಗೆ ಉಸಿರಿದೆ, ಎಚ್ಚರವಿದೆ. ಅಮ್ಮನ ಹೆಗಲ ಮೇಲೆ ಕತ್ತು ಜೋತುಬಿಟ್ಟು, ಸೂಜಿ ಚುಚ್ಚಿದರೂ ಅಳದ ಮಗುವೇ ಹೆಚ್ಚು ಅಪಾಯದಲ್ಲಿದೆ.
- ಮುಂಗಡ ಹಣಕ್ಕಾಗಲಿ, ಪೊಲೀಸರು ಬರಲಿ ಎಂದಾಗಲಿ ಜೀವ ಉಳಿಸುವ ಚಿಕಿತ್ಸೆಯನ್ನು ತಡೆಯಬಾರದು. ಜೀವ ಉಳಿಸುವುದು ಮೊದಲ ಕರ್ತವ್ಯ, ಕಾನೂನಿನ ವಿಧಿವಿಧಾನ ಆನಂತರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ (ಪೋಕ್ಸೋ ಪ್ರಕರಣದ) ಮಗುವಿಗೂ ಯಾವ ಆದೇಶವನ್ನೂ ಕಾಯದೆ ಚಿಕಿತ್ಸೆ ಕೊಡಬೇಕು.

2. ಉಸಿರು

ಮಾಡಬೇಕಾದ್ದು:
- ಅಂಗಿ ಮೇಲೆತ್ತಿ ಎದೆ ನೋಡಬೇಕು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಎಳೆದುಕೊಳ್ಳುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿವೆಯೇ, ನರಳುವ ಸದ್ದಿದೆಯೇ ಗಮನಿಸಬೇಕು.
- ಉಸಿರನ್ನು ಪೂರಾ ಒಂದು ನಿಮಿಷ ಎಣಿಸಬೇಕು. 2 ತಿಂಗಳೊಳಗೆ ನಿಮಿಷಕ್ಕೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ.
- ಆಮ್ಲಜನಕದ ಮಟ್ಟ 90ಕ್ಕಿಂತ ಕೆಳಗಿದ್ದರೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಕೊಡಬೇಕು. ಅಮ್ಮನ ಮಡಿಲಲ್ಲೇ ಕೊಡಬಹುದು.

ಮಾಡಬಾರದ್ದು:
- ಮುಂದಕ್ಕೆ ಬಾಗಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತ ಕೂತ ಮಗುವನ್ನು ಒತ್ತಾಯದಿಂದ ಮಲಗಿಸಬಾರದು. ಗಂಟಲಿಗೆ ಚಮಚ ಹಾಕಿ ನೋಡಬಾರದು. ಗಂಟಲು ಪೂರ್ತಿ ಮುಚ್ಚಿಹೋಗಬಹುದು. ಕೂತಂತೆಯೇ ಇರಲು ಬಿಟ್ಟು, ಅನುಭವಸ್ಥ ವೈದ್ಯರನ್ನೂ ಅರಿವಳಿಕೆ ತಜ್ಞರನ್ನೂ ಕರೆಯಬೇಕು.
- ಏನಾದರೂ ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ, ಅದು ಕಣ್ಣಿಗೆ ಕಾಣದೆ ಬಾಯಿಗೆ ಬೆರಳು ಹಾಕಿ ತಡಕಾಡಬಾರದು. ಮಗು ಕೆಮ್ಮಲಾಗದ ಸ್ಥಿತಿಯಲ್ಲಿದ್ದರೆ, ವರ್ಷದೊಳಗಿನ ಕೂಸಿಗೆ ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಪೆಟ್ಟು, ತಿರುಗಿಸಿ ಎದೆಗೆ 5 ಒತ್ತು ಕೊಡಬೇಕು.

3. ತೂಕ ಮತ್ತು ಔಷಧಿ

ಮಾಡಬೇಕಾದ್ದು:
- ಪ್ರತಿ ಮಗುವನ್ನೂ ತೂಗಿ, ಕೇಸ್ ಶೀಟಿನ ಮೇಲ್ತುದಿಯಲ್ಲಿ ಕಿಲೋದಲ್ಲಿ ಬರೆಯಬೇಕು. ತೂಗಲು ವ್ಯವಧಾನವಿಲ್ಲದಿದ್ದರೆ ಮಗುವಿನ ಉದ್ದ ಅಳೆದು ತೂಕ ಅಂದಾಜಿಸುವ ಬ್ರೊಸೆಲೊ ಟೇಪ್ ಬಳಸಬೇಕು.
- ಡೋಸನ್ನು ಒಬ್ಬರು ಲೆಕ್ಕ ಹಾಕಬೇಕು, ಇನ್ನೊಬ್ಬರು ಪರೀಕ್ಷಿಸಬೇಕು. ವೈದ್ಯರು ಬಾಯಲ್ಲಿ ಹೇಳಿದ್ದನ್ನು ಸಿಸ್ಟರ್ ಗಟ್ಟಿಯಾಗಿ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಬೇಕು.

ಮಾಡಬಾರದ್ದು:
- ದಶಾಂಶ ಬಿಂದುವಿಗೆ ಮೊದಲು ಸೊನ್ನೆ ಬರೆಯದೆ ಬಿಡಬಾರದು. ತೀವ್ರ ಅಲರ್ಜಿಯಲ್ಲಿ 10 ಕಿಲೋ ಮಗುವಿನ ತೊಡೆಯ ಸ್ನಾಯುವಿಗೆ ಕೊಡುವ 1:1000 ಅಡ್ರಿನಲಿನ್ 0.1 ಮಿ.ಲೀ. ಅದನ್ನು ".1" ಎಂದು ಬರೆದಾಗ ಚುಕ್ಕೆ ಕಾಣದೆ ಹೋದರೆ ಹತ್ತುಪಟ್ಟು ಔಷಧಿ ಒಳಗೆ ಹೋಗುತ್ತದೆ.
- "ಅರ್ಧ ಆಂಪೂಲ್ ಹಾಕಿ" ಎಂಬಂಥ ಆದೇಶ ಕೊಡಬಾರದು, ಕೊಟ್ಟರೆ ಪಾಲಿಸಬಾರದು. ಮಿಲಿಗ್ರಾಂ, ಮಿ.ಲೀ. ಎರಡೂ ಹೇಳಬೇಕು.

4. ಗ್ಲೂಕೋಸ್ ಬಾಟಲಿ

ಮಾಡಬೇಕಾದ್ದು:
- ಭೇದಿಯಿಂದ ತೀರಾ ಬಳಲಿದ ಮಗುವಿಗೆ ರಿಂಗರ್ ಲ್ಯಾಕ್ಟೇಟ್ ಬೇಗ ಹೋಗಬೇಕು. ಒಟ್ಟು ಕಿಲೋಗೆ 100 ಮಿ.ಲೀ.: ವರ್ಷದೊಳಗಿನ ಕೂಸಿಗೆ ಮೊದಲ 30 ಮಿ.ಲೀ. 1 ಗಂಟೆಯಲ್ಲಿ, ಉಳಿದ 70 ಮಿ.ಲೀ. 5 ಗಂಟೆಯಲ್ಲಿ, ದೊಡ್ಡ ಮಕ್ಕಳಿಗೆ ಅರ್ಧ ಗಂಟೆ ಮತ್ತು ಎರಡೂವರೆ ಗಂಟೆ. ಮಗು ನುಂಗುವಂತಾದ ಕೂಡಲೇ ಓಆರ್‌ಎಸ್ ಶುರುಮಾಡಬೇಕು.
- ಮಂಕಾಗಿರುವ ಪ್ರತಿ ಮಗುವಿನ ರಕ್ತದ ಸಕ್ಕರೆ ನೋಡಬೇಕು.

ಮಾಡಬಾರದ್ದು:
- ಬಳಲಿದ ಎಲ್ಲ ಮಕ್ಕಳಿಗೂ ಒಂದೇ ವೇಗದಲ್ಲಿ ದ್ರವ ಸುರಿಯಬಾರದು. ಕೀನ್ಯಾ, ಉಗಾಂಡ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ ಮಕ್ಕಳ ಪೈಕಿ ರಭಸದಿಂದ ದ್ರವ ಕೊಟ್ಟವರಲ್ಲಿ 48 ಗಂಟೆಯೊಳಗೆ ನೂರಕ್ಕೆ 10ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕೊಡದವರಲ್ಲಿ ಸುಮಾರು 7. ತೀವ್ರ ಅಪೌಷ್ಟಿಕತೆ, ತೀವ್ರ ರಕ್ತಹೀನತೆ ಇರುವ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.
- ರಕ್ತದೊತ್ತಡ ಸರಿಯಿದೆ ಎಂದು ನಿರಾಳವಾಗಬಾರದು. ಮಕ್ಕಳಲ್ಲಿ ಅದು ಕುಸಿಯುವುದು ಕೊನೆಗೆ. ಉಗುರು ಒತ್ತಿ ಬಿಟ್ಟಾಗ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚಾದರೆ ಆಗಲೇ ಎಚ್ಚೆತ್ತುಕೊಳ್ಳಬೇಕು.

5. ಫಿಟ್ಸ್, ಹಾವು, ವಿಷ

ಮಾಡಬೇಕಾದ್ದು:
- ಫಿಟ್ಸ್ ಬಂದ ಮಗುವನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಔಷಧಿ ಕೊಡಬೇಕು. ರಕ್ತನಾಳ ಸಿಗದಿದ್ದರೆ ಮೂಗಿಗೆ ಮಿಡಜೋಲಾಂ ಸಿಂಪಡಿಸಬಹುದು.
- ಹಾವು ಕಚ್ಚಿ ವಿಷ ಏರಿದ ಲಕ್ಷಣವಿದ್ದರೆ ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಕೊಡಬೇಕು. ಕಚ್ಚಿದ್ದು ಮಗುವನ್ನು ಎಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ತೂಕ ನೋಡಿ ಡೋಸ್ ಇಳಿಸಬಾರದ ಔಷಧಿ ಇದು. ಹಾವು ಕಡಿತ ಕರ್ನಾಟಕದಲ್ಲಿ 2024ರಿಂದ ಅಧಿಸೂಚಿತ, ಆದ್ದರಿಂದ ವರದಿಯನ್ನೂ ಕಳಿಸಬೇಕು.
- ಬಟನ್ ಬ್ಯಾಟರಿ ನುಂಗಿದ ಶಂಕೆಯಿದ್ದರೆ ತಕ್ಷಣ ಎಕ್ಸ್‌ರೇ ತೆಗೆಯಬೇಕು. ಅನ್ನನಾಳದಲ್ಲಿ ಸಿಕ್ಕಿದ್ದರೆ 2 ಗಂಟೆಯೊಳಗೇ ಸುಡತೊಡಗುತ್ತದೆ.

ಮಾಡಬಾರದ್ದು:
- ಫಿಟ್ಸ್ ಬಂದಾಗ ಬಾಯಿಗೆ ಚಮಚ, ಬಟ್ಟೆ, ನೀರು ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ವ್ಯರ್ಥ ಕಾಲಹರಣ.
- ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು, ಹೊಟ್ಟೆ ತೊಳೆಯಬಾರದು. ಅದು ಶ್ವಾಸಕೋಶಕ್ಕಿಳಿದರೆ ಅಪಾಯ.
- ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬಾರದು. 20 ನಿಮಿಷ ಹರಿಯುವ ನೀರು ಬಿಟ್ಟು, ಆಮೇಲೆ ಮಗುವಿಗೆ ಚಳಿಯಾಗದಂತೆ ಹೊದಿಸಬೇಕು.

6. ಅಪ್ಪ, ಅಮ್ಮ, ಅಜ್ಜಿ

ಮಾಡಬೇಕಾದ್ದು:
- ಕುಟುಂಬದ ಒಬ್ಬರನ್ನು ಮಗುವಿನ ಪಕ್ಕದಲ್ಲೇ ಇರಲು ಬಿಡಬೇಕು. ಏನು ಮಾಡುತ್ತಿದ್ದೇವೆ, ಯಾಕೆ ಎಂದು ಅವರ ಮಾತಿನಲ್ಲೇ ಹೇಳಬೇಕು.
- "ಇವತ್ತು ಮಗು ಎಂದಿನಂತಿಲ್ಲ" ಎಂದು ಅಮ್ಮ ಹೇಳಿದರೆ ಅದನ್ನು ಕೇಸ್ ಶೀಟಿನಲ್ಲಿ ಬರೆದು, ಮಗುವನ್ನು ಮತ್ತೊಮ್ಮೆ ನೋಡಬೇಕು.

ಮಾಡಬಾರದ್ದು:
- "ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದು ಗದರಬಾರದು. ಬೈಸಿಕೊಂಡವರು ನಾಟಿ ಔಷಧಿ ಕೊಟ್ಟದ್ದನ್ನು, ಮಾತ್ರೆ ನುಂಗಿದ್ದನ್ನು ಮುಚ್ಚಿಡುತ್ತಾರೆ. ನಮಗೆ ಬೇಕಾದ ಮಾಹಿತಿ ಅದೇ.

7. ಬೇರೆ ಆಸ್ಪತ್ರೆಗೆ ಕಳಿಸುವಾಗ

ಮಾಡಬೇಕಾದ್ದು:
- ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಿರಲಿ, ಹತ್ತಿರದ ಮೆಡಿಕಲ್ ಕಾಲೇಜಿರಲಿ, ಮೊದಲು ಫೋನ್ ಮಾಡಿ ಹಾಸಿಗೆ ಖಚಿತಪಡಿಸಿಕೊಳ್ಳಬೇಕು. ಉಸಿರು, ರಕ್ತಸಂಚಾರ, ಸಕ್ಕರೆ, ಮೈಶಾಖ ಸರಿಪಡಿಸಿ ಹೊರಡಿಸಬೇಕು.
- ಕೊಟ್ಟ ಔಷಧಿ, ಡೋಸ್, ಸಮಯ ಬರೆದ ಪತ್ರ ಜೊತೆಗಿರಬೇಕು. 108ರಲ್ಲಿ ಮಕ್ಕಳ ಅಳತೆಯ ಮಾಸ್ಕ್ ಇದೆಯೇ, ದಾರಿಗೆ ಸಾಕಾಗುವಷ್ಟು ಆಕ್ಸಿಜನ್ ಇದೆಯೇ ನೋಡಬೇಕು.

ಮಾಡಬಾರದ್ದು:
- "ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಒಂದು ಡೋಸೂ ಕೊಡದೆ ಆಟೋ ಹತ್ತಿಸಬಾರದು.

8. ಪ್ರತಿ ಪಾಳಿಯ ಆರಂಭದಲ್ಲಿ

ಮಾಡಬೇಕಾದ್ದು:
- ತುರ್ತು ಟ್ರಾಲಿ ತೆರೆದು ನೋಡಬೇಕು: ನವಜಾತ ಶಿಶುವಿನಿಂದ ಹಿಡಿದು ದೊಡ್ಡ ಮಕ್ಕಳವರೆಗಿನ ಅಳತೆಯ ಮಾಸ್ಕು, ಉಸಿರು ಕೊಡುವ ಬ್ಯಾಗು, ಗ್ಲೂಕೋಮೀಟರ್ ಪಟ್ಟಿ, ತುಂಬಿದ ಸಿಲಿಂಡರ್. ಲ್ಯಾರಿಂಗೋಸ್ಕೋಪಿನ ಬಲ್ಬ್ ಹೊತ್ತಿಸಿ ನೋಡಬೇಕು. ನೋಡಿದವರು ಸಹಿ ಹಾಕಬೇಕು.
- ಮಗುವಿನ ಎದೆ ಒತ್ತುವ ಅಭ್ಯಾಸವನ್ನು ಗೊಂಬೆಯ ಮೇಲೆ ಎಲ್ಲರೂ ಆಗಾಗ ಮಾಡಬೇಕು: ನಿಮಿಷಕ್ಕೆ 100ರಿಂದ 120, ಎದೆಯ ಮೂರನೇ ಒಂದು ಭಾಗದಷ್ಟು ಆಳ, ಇಬ್ಬರಿದ್ದರೆ 15 ಒತ್ತಿಗೆ 2 ಉಸಿರು.

ಮಾಡಬಾರದ್ದು:
- ಟ್ರಾಲಿಗೆ ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ಯಬಾರದು.
- "ಸರ್, ಈ ಮಗು ಸರಿಯಿಲ್ಲ" ಎಂದು ಕೂಗಿ ಕರೆದ ಆಯಾಗಾಗಲಿ, ಸೆಕ್ಯುರಿಟಿಯವರಿಗಾಗಲಿ, ಅದು ಸುಳ್ಳು ಗಾಬರಿ ಎಂದು ತಿಳಿದ ಮೇಲೂ ಯಾರೂ ಬೈಯಬಾರದು. ಅವರಿಗೆ ಕೂಗುವ ಅಧಿಕಾರವಿದೆ. ಕೂಗು ಕೇಳಿದ ವೈದ್ಯರು ಎದ್ದು ಬರಲೇಬೇಕು.