ಜಲಜನಕದ ಅಣುವಿನ ಲೆಕ್ಕ

ಡಾಕ್ಟರೇಟ್ ಪಡೆದ ಬಳಿಕವೂ ಹಿರಿಯ ವಿಜ್ಞಾನಿಗಳ ಬಳಿ ಕೆಲಕಾಲ ಸಂಶೋಧನೆ ನಡೆಸುವ ಪದ್ಧತಿಯುಂಟು. ೧೯೨೭ರಲ್ಲಿ ಹೈಟ್ಲರ್, ಲಂಡನ್ ಎಂಬ ಇಬ್ಬರು ತರುಣರು ಹೀಗೆಯೇ ಜೂರಿಕ್ ನಗರದಲ್ಲಿ ಶ್ರೋಡಿಂಗರರ ಬಳಿಗೆ ಬಂದಿದ್ದರು. ಎರಡು ಜಲಜನಕ ಪರಮಾಣುಗಳು ಕೂಡಿ ಅಣುವಾಗುವುದೇಕೆಂಬುದನ್ನು ಕ್ವಾಂಟಂ ಸಿದ್ಧಾಂತದಿಂದ ಮೊದಲು ವಿವರಿಸಿದವರು ಇವರೇ. ಆದರೆ ಅವರ ಲೆಕ್ಕ ಸ್ಥೂಲವಾಗಿತ್ತು. ಎಲೆಕ್ಟ್ರಾನುಗಳೆರಡೂ ಒಂದನ್ನೊಂದು ದೂಡುವುದರಿಂದ ಸಮೀಕರಣವನ್ನು ಪೂರ್ಣವಾಗಿ ಬಿಡಿಸಲು ಬಾರದು. ಉತ್ತರದ ಸಮೀಪಕ್ಕೆ ಮೆಲ್ಲಮೆಲ್ಲನೆ ಸಾಗಬೇಕು. ೧೯೬೮ರಲ್ಲಿ ಪೋಲೆಂಡಿನ ಕೊಲೋಸ್, ವೋಲ್ನಿಯೆವಿಚ್ ಎಂಬವರು ಗಣಕಯಂತ್ರದ ನೆರವಿನಿಂದ, ಈ ಅಣುವನ್ನು ಒಡೆಯಲು ಬೇಕಾದ ಶಕ್ತಿಯನ್ನು ಲೆಕ್ಕಹಾಕಿದರು. ಅದು ಕೆನಡಾದ ಹೆರ್ಟ್ಸ್‌ಬರ್ಗರು ಪ್ರಯೋಗದಲ್ಲಿ ಅಳೆದುದಕ್ಕಿಂತ ಸುಮಾರು ೧೦,೦೦೦ದಲ್ಲಿ ಒಂದು ಪಾಲು ಹೆಚ್ಚಾಗಿತ್ತು. ಇಷ್ಟನ್ನು ನಾವಾದರೆ ಗಮನಿಸುತ್ತಲೂ ಇರಲಿಲ್ಲ! ಪ್ರಯೋಗಕ್ಕೆ ಎದುರಾಗಿ ಲೆಕ್ಕವನ್ನು ನಂಬುವವರಾರು? ಹೆರ್ಟ್ಸ್‌ಬರ್ಗರು ಇನ್ನೂ ಸೂಕ್ಷ್ಮವಾಗಿ ಅಳೆದು ೧೯೭೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಲೆಕ್ಕವೇ ಸರಿಯಾಗಿತ್ತು.