ಪರನಾಡಿನ ಮೊದಲ ವರ್ಷ: ಹೊಸ ಮಿಶನರಿಗಳಿಗೆ ಏಳು ಪಾಠಗಳು

ಕರಾವಳಿಯ ಧರ್ಮಭಗಿನಿಯರು, ಗುರುಗಳು ಪೂರ್ವ ಆಫ್ರಿಕಾಕ್ಕೆ ಸೇವೆಗೆ ಹೋಗುವುದು ಈಗ ಹೊಸ ಸಂಗತಿಯಲ್ಲ. ತಾಂಜಾನಿಯಾದಲ್ಲಿ, ವಿಕ್ಟೋರಿಯಾ ಸರೋವರದ ಪೂರ್ವಕ್ಕೆ, ಬುಂಡಾ ಸುತ್ತಿನ ಸಣ್ಣ ಪೇಟೆಯೊಂದರಲ್ಲಿ ನಮ್ಮ ಕಾನ್ವೆಂಟ್ ಇದೆ. ಅಲ್ಲಿಯ ಡಿಸ್ಪೆನ್ಸರಿ ನನ್ನ ಪಾಲಿನ ಕೆಲಸ. ಹೊಸದಾಗಿ ನೇಮಕವಾದವರು ಊರಿನಿಂದ ಫೋನ್ ಮಾಡಿದಾಗ ಕೇಳುವುದು ಹೆಚ್ಚಾಗಿ ಒಂದೇ: "ಸಿಸ್ಟರ್, ಬರುವಾಗ ಏನೆಲ್ಲ ತರಬೇಕು?" ಸಾಮಾನಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತೇನೆ. ತಯಾರಾಗಬೇಕಾದದ್ದು ಮನಸ್ಸು. ಹೋದ ಕೂಡಲೇ ಏನಾದರೂ ಮಾಡಿ ತೋರಿಸಬೇಕೆಂಬ ಆತುರವನ್ನು ಬಿಟ್ಟು ಬಂದರೆ ಅರ್ಧ ಕೆಲಸ ಆದಂತೆ. ಊರು ನಮ್ಮನ್ನು ಒಪ್ಪಿಕೊಂಡ ಮೇಲೆಯೇ ನಮ್ಮ ಸೇವೆಗೆ ಬೆಲೆ.

1. ನಾವು ಹೋಗುವ ಮೊದಲೇ ಅಲ್ಲಿ ಸಭೆಯಿದೆ

ವೈಟ್ ಫಾದರ್ಸ್ ಎಂದೇ ಹೆಸರಾದ ಗುರುಗಳ ಮೊದಲ ತಂಡ 1878ರಲ್ಲೇ ಬಾಗಮೊಯೊ ಬಂದರಿನಿಂದ ಹೊರಟು ಈ ಸರೋವರದ ದಕ್ಷಿಣ ದಂಡೆ ತಲುಪಿತ್ತು. ಬುಂಡಾ ಸೇರಿರುವ ಮಾರಾ ಪ್ರಾಂತ್ಯದ ಶಿರಾಟಿಗೆ ಅಮೆರಿಕದ ಮೆನೊನೈಟರು 1934ರಲ್ಲಿ ಬಂದರು. ಬುಂಡಾ 2010ರಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ಧರ್ಮಾಧ್ಯಕ್ಷರೂ ಹೆಚ್ಚಿನ ಗುರುಗಳೂ ಅದೇ ನೆಲದ ಮಕ್ಕಳು. ದೂರದ ಹಳ್ಳಿಗಳಲ್ಲಿ ಭಾನುವಾರದ ಪ್ರಾರ್ಥನೆ ನಡೆಸುವವರು ವಾರವಿಡೀ ಹೊಲದಲ್ಲಿ ದುಡಿಯುವ ಉಪದೇಶಿಗಳು. ಮಳೆಗಾಲದಲ್ಲಿ ಗುರುಗಳ ಜೀಪು ಅಲ್ಲಿಗೆ ಹೋಗದಿದ್ದಾಗಲೂ ವಿಶ್ವಾಸವನ್ನು ಕಾಪಾಡುವವರು ಅವರೇ. ಹೋದ ಮೊದಲ ವಾರವೇ ಇವರನ್ನು ಕಂಡು ಊರಿನ ಸುದ್ದಿ, ಕಷ್ಟ, ಹಳೆಯ ಜಗಳ ಎಲ್ಲವನ್ನೂ ಕೇಳಿ ತಿಳಿಯಿರಿ. ಅವರು ಹೇಳಬೇಕು, ನಾವು ಕೇಳಬೇಕು.

2. ಮೊದಲು ಭಾಷೆ, ಆಮೇಲೆ ಜವಾಬ್ದಾರಿ

ಮುಸೋಮಾ ಪೇಟೆಯ ಬಳಿ ಮಕೋಕೊ ಎಂಬಲ್ಲಿ ಮಿಶನರಿಗಳಿಗಾಗಿಯೇ ನಡೆದುಬಂದ ಸ್ವಾಹಿಲಿ ಭಾಷಾಶಾಲೆ ಇದೆ. ಅಂಥ ಕಡೆ ಪೂರ್ತಿ ತರಬೇತಿ ಮುಗಿಸದೆ ಯಾವ ಹುದ್ದೆಯನ್ನೂ ಹಿಡಿಯಬೇಡಿ. ಚಾಯ್, ಚಪಾತಿ, ಗಾರಿ ಎಂಬ ಪದಗಳು ಕಿವಿಗೆ ಬಿದ್ದಾಗ ನಮ್ಮವರಿಗೆ ಇದು ಸುಲಭ ಅನಿಸುತ್ತದೆ. ವ್ಯಾಕರಣ ಅಷ್ಟು ಸುಲಭವಲ್ಲ. ನಾಮಪದಗಳಿಗೆ ಹಲವು ವರ್ಗಗಳಿವೆ. ವರ್ಗ ಬದಲಾದರೆ ವಿಶೇಷಣ, ಕ್ರಿಯಾಪದಗಳ ಮೊದಲ ಅಕ್ಷರವೂ ಬದಲಾಗಬೇಕು. ಇದು ಬಾಯಿಪಾಠದಿಂದ ಬರದು, ಬಾವಿಕಟ್ಟೆಯ ಮಾತಿನಿಂದ ಬರುತ್ತದೆ.

ಗಂಟೆಯ ಲೆಕ್ಕವೂ ಬೇರೆ. ಅಲ್ಲಿ ದಿನ ಎಣಿಕೆಯಾಗುವುದು ಸೂರ್ಯೋದಯದಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ನಮ್ಮ ಎಂಟು ಅವರಿಗೆ ಎರಡು. ಮಾತ್ರೆಯ ಪೊಟ್ಟಣದ ಮೇಲೆ ಸ್ವಾಹಿಲಿಯಲ್ಲಿ "ಎಂಟು ಗಂಟೆಗೆ" ಎಂದು ಬರೆದರೆ ತಾಯಿ ಅದನ್ನು ಮಗುವಿಗೆ ಕೊಡುವುದು ಮಧ್ಯಾಹ್ನ ಎರಡಕ್ಕೆ. ಭಾಷೆ ಕಲಿಯದೆ ಮಾಡುವ ಸೇವೆ ಜೀವಕ್ಕೇ ಅಪಾಯ ತರಬಹುದು. 1853ರಲ್ಲಿ ನಮ್ಮ ನಾಡಿಗೆ ಬಂದು 1894ರಲ್ಲಿ ನಿಘಂಟು ಹೊರತಂದ ಕಿಟ್ಟೆಲರನ್ನು ಕನ್ನಡಿಗರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಭಾಷೆಗಾಗಿ ಬೆವರು ಹರಿಸಿದವರನ್ನು ಜನ ಮರೆಯುವುದಿಲ್ಲ.

3. ನಮಸ್ಕಾರ ಮುಗಿಯದೆ ವಿಷಯಕ್ಕೆ ಬರಬೇಡಿ

ಹಿರಿಯರು ಎದುರಾದರೆ ಕಿರಿಯರು "ಶಿಕಾಮೂ" ಎನ್ನಬೇಕು, ಹಿರಿಯರು "ಮರಹಾಬಾ" ಎಂದು ಹರಸುತ್ತಾರೆ. ಆಮೇಲೆ ಮನೆ, ಮಕ್ಕಳು, ಬೆಳೆ, ನಿನ್ನೆಯ ನಿದ್ದೆ, ಎಲ್ಲದರ ವಿಚಾರಣೆ. ಡಿಸ್ಪೆನ್ಸರಿಯ ಮುಂದೆ ಸಾಲು ಎಷ್ಟೇ ಉದ್ದವಿರಲಿ, ಇದನ್ನು ಬಿಟ್ಟು "ಏನು ಕಾಯಿಲೆ?" ಎಂದು ಶುರು ಮಾಡಿದರೆ ಅದು ಅವಮಾನ. ಹೆಂಗಸರನ್ನು ಹೆಚ್ಚಾಗಿ ಚೊಚ್ಚಲ ಮಗುವಿನ ಹೆಸರು ಹಿಡಿದು ಇಂಥವರ ತಾಯಿ ಎಂದೇ ಕರೆಯುತ್ತಾರೆ. ಮಕ್ಕಳ ಹೆಸರು ನೆನಪಿಟ್ಟುಕೊಳ್ಳಿ, ತಾಯಂದಿರ ಮನಸ್ಸು ತಾನಾಗಿ ತೆರೆಯುತ್ತದೆ.

4. ಮೊದಲು ಅವರ ಕಣ್ಣಿಗೆ ಬೀಳುವುದು ನಮ್ಮ ಬಣ್ಣ

ಪೂರ್ವ ಆಫ್ರಿಕಾದಲ್ಲಿ ಭಾರತೀಯರೆಂದರೆ ತಲೆಮಾರುಗಳಿಂದ ಅಂಗಡಿ ಇಟ್ಟವರು, ಹೆಚ್ಚಿನವರು ಗುಜರಾತ್, ಕಛ್ ಮೂಲದವರು. ಅವರ ದುಡಿಮೆಯ ಬಗ್ಗೆ ಗೌರವವಿದೆ, ಜೊತೆಗೆ ಒಂದು ದೂರವೂ ಇದೆ. ರಸ್ತೆಯ ಮಕ್ಕಳು "ಮುಹಿಂದಿ", ಅಂದರೆ ಭಾರತೀಯ, ಎಂದು ಕೂಗಿದಾಗ ಆ ಇಡೀ ಚರಿತ್ರೆ ನಮ್ಮ ಹೆಗಲೇರುತ್ತದೆ. ಇದಕ್ಕೆ ನೊಂದುಕೊಳ್ಳಬಾರದು. ಸಂತೆಗೆ ನೀವೇ ಬುಟ್ಟಿ ಹಿಡಿದು ಹೋಗಿ. ಜನ ಹತ್ತುವ ಬಸ್ಸನ್ನೇ ಹತ್ತಿ. ಉಗಾಲಿ ಮುದ್ದೆ, ಮ್ಚಿಚಾ ಸೊಪ್ಪು, ಡಗಾ ಎಂಬ ಒಣಮೀನು ಏನು ಬಡಿಸಿದರೂ ಕೈಯಲ್ಲಿ ಕಲಸಿ ಪ್ರೀತಿಯಿಂದ ಉಣ್ಣಿ. ರಾಗಿಮುದ್ದೆ ಉಂಡ ನಾಡಿನವರಿಗೆ ಅದೇನೂ ಕಷ್ಟವಲ್ಲ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಕಳುಹಿಸುವಾಗ ಹಣದ ಚೀಲ ಬೇಡ, ಬಡಿಸಿದ್ದನ್ನು ಉಣ್ಣಿ ಎಂಬ ಅರ್ಥದ ಸೂಚನೆ ಕೊಡುತ್ತಾರೆ. ಮಿಶನರಿಯ ಮೊದಲ ನಿಯಮ ಅದೇ.

5. ಸಾವಿನ ಮನೆಗೆ ತಪ್ಪದೆ ಹೋಗಿ

ತಾಂಜಾನಿಯಾದ ಕ್ಯಾಥೊಲಿಕರು ನೆರೆಹೊರೆಯ ಕೆಲವು ಮನೆಗಳು ಸೇರಿ ಒಂದೊಂದು "ಜುಮುಯಿಯಾ" ಮಾಡಿಕೊಂಡಿದ್ದಾರೆ. ಮಂಗಳೂರಿನವರಿಗೆ ಗುರ್ಕಾರರಿರುವ ನಮ್ಮ ವಾಳೆ ನೆನಪಾದೀತು. ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಶುಭಸಂದೇಶ ಓದುತ್ತಾರೆ, ಕಾಯಿಲೆ ಬಿದ್ದವರಿಗೆ ಹಣ ಕೂಡಿಸುತ್ತಾರೆ. ಜ್ಞಾನಸ್ನಾನಕ್ಕೂ ಮದುವೆಗೂ ಜುಮುಯಿಯಾದ ಒಪ್ಪಿಗೆ ಬೇಕು. ನಾವೂ ಒಂದು ಜುಮುಯಿಯಾದ ಸದಸ್ಯರಾಗಬೇಕು, ನಮ್ಮ ಪಾಲಿನ ವಂತಿಗೆಯನ್ನು ಎಲ್ಲರಂತೆ ಕೊಡಬೇಕು.

ಅದರ ನಿಜವಾದ ಬಲ ಕಾಣುವುದು ಸಾವಿನ ಮನೆಯಲ್ಲಿ. ಗಂಡಸರು ಅಂಗಳದಲ್ಲಿ ಬೆಂಕಿ ಹಾಕಿ ರಾತ್ರಿ ಕಳೆಯುತ್ತಾರೆ. ಹೆಂಗಸರು ಒಳಗೆ ಚಾಪೆಯ ಮೇಲೆ, ಕಾಂಗಾ ಬಟ್ಟೆ ಸುತ್ತಿಕೊಂಡು, ಕಾಲು ಚಾಚಿ ಕೂರುತ್ತಾರೆ. ಬಂದವರಿಗೆ ಕುರ್ಚಿ ತಂದಿಟ್ಟರೂ ಕೂರಬೇಡಿ, ಚಾಪೆಗೇ ಇಳಿಯಿರಿ. ಮೊರ ಎಳೆದುಕೊಂಡು ಅವರೊಂದಿಗೆ ಅಕ್ಕಿಯ ಕಲ್ಲು ಆರಿಸಿ. ಒಬ್ಬಾತ ನೋಟ್‌ಬುಕ್ ಹಿಡಿದು ಯಾರು ಎಷ್ಟು ಕೊಟ್ಟರೆಂದು ಬರೆಯುತ್ತಿರುತ್ತಾನೆ, ಅದರಲ್ಲಿ ನಿಮ್ಮ ಹೆಸರೂ ಇರಲಿ. ನಾನು ಸಾವಿನ ಮನೆಗಳಲ್ಲಿ ಹಾಗೆ ಕೂತೆದ್ದ ಮೇಲೆಯೇ ಡಿಸ್ಪೆನ್ಸರಿಗೆ ಬರುವ ಹೆಂಗಸರು ಮನೆಯ ಹೊಡೆತ ಬಡಿತ, ಮಗುವಾಗದ ನೋವು, ಎಚ್‌ಐವಿಯ ಭಯ ಇವನ್ನೆಲ್ಲ ನನ್ನ ಮುಂದೆ ಬಾಯಿಬಿಟ್ಟು ಹೇಳತೊಡಗಿದರು. ಯಾವ ಪ್ರವಚನವೂ ಈ ನಂಬಿಕೆಯನ್ನು ಗಳಿಸಿಕೊಡಲಾರದು.

6. ಹಣ ನಿಮ್ಮ ಕೈಯಿಂದ ಹೋಗಬಾರದು

ಶಾಲೆಯ ಫೀಸು, ಬಸ್ ಚಾರ್ಜು, ಔಷಧಿ ಎಂದು ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ. ಅವರ ಕಷ್ಟ ನಿಜವಾದದ್ದು. ಹಾಗಿದ್ದೂ ನೇರವಾಗಿ ನಗದು ಕೊಟ್ಟರೆ ನಾಳೆ ನೀವು ಸಹೋದರಿಯಾಗಿ ಉಳಿಯುವುದಿಲ್ಲ, ಧಣಿಯಾಗುತ್ತೀರಿ. ಜುಮುಯಿಯಾ ಅಥವಾ ಧರ್ಮಕೇಂದ್ರದ ಸಮಿತಿಯ ಮೂಲಕವೇ ಕೊಡಿಸಿ, ಯಾರಿಗೆ ನಿಜವಾದ ತೊಂದರೆ ಎಂಬುದು ಅವರಿಗೆ ಗೊತ್ತು. ಕೊಡುವುದರಲ್ಲಿ ಆ ಜನ ನಮಗಿಂತ ಹಿಂದೆ ಬಿದ್ದವರಲ್ಲ. ಪೂಜೆಯ ಬಳಿಕ ಅಂಗಳದಲ್ಲಿ ಕೋಳಿ, ಮೊಟ್ಟೆ, ಬಾಳೆಗೊನೆಗಳ ಏಲಂ ನಡೆಯುವಾಗ, ಇದ್ದ ಒಂದು ಕೋಳಿಯನ್ನೇ ತಂದ ಅಜ್ಜಿಯರನ್ನು ನೋಡಿದ್ದೇನೆ.

7. ದೇಹ, ಕಾಗದಪತ್ರ, ಜೊತೆಯವರು

ಸೊಳ್ಳೆಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಜ್ವರ ಬಂದ ದಿನವೇ ಮಲೇರಿಯಾ ಪರೀಕ್ಷೆ ಮಾಡಿಸಿ. ಸರೋವರ ಎಷ್ಟೇ ಚಂದ ಕಂಡರೂ ದಡದ ನೀರಿಗೆ ಕಾಲಿಡಬೇಡಿ. ಅಲ್ಲಿಯ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಹರಡುತ್ತದೆ. ವಾಸದ ಪರವಾನಗಿಯ ಅವಧಿ ಮುಗಿಯುವ ಬಹಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ವೈಟ್ ಫಾದರ್ಸ್ ಸ್ಥಾಪಕ ಕಾರ್ಡಿನಲ್ ಲಾವಿಜೆರಿ ತಮ್ಮ ಗುರುಗಳು ಎಲ್ಲಿಯೂ ಮೂವರಿಗಿಂತ ಕಡಿಮೆ ಇರಬಾರದೆಂದು ನಿಯಮ ಮಾಡಿದ್ದರು. ಒಬ್ಬರಿಗೆ ಜ್ವರ, ಒಬ್ಬರಿಗೆ ಮನೆಯ ನೆನಪು, ಆಗಲೂ ಅಡುಗೆ ಮಾಡಿ ಪ್ರಾರ್ಥನೆಗೆ ಕರೆಯಲು ಇನ್ನೊಬ್ಬರಿರಬೇಕು. ಆ ನಿಯಮ ಇಂದಿಗೂ ಸರಿ.

ಕೊನೆಯದಾಗಿ, ಹೊಸಬರನ್ನು ಕಳುಹಿಸುವ ಹಿರಿಯರಲ್ಲಿ ನನ್ನ ಒಂದು ಬಿನ್ನಹ. ಮೊದಲ ವರ್ಷ ಅವರಿಗೆ ಶಾಲೆ, ಆಸ್ಪತ್ರೆ, ಲೆಕ್ಕಪತ್ರ ಯಾವುದನ್ನೂ ವಹಿಸಬೇಡಿ. ಕೆಲಸಕ್ಕೆ ಜನ ಸಾಲದು ಎಂಬ ಒತ್ತಡ ಎಲ್ಲ ಕಡೆಯೂ ಇದೆ, ನನಗೂ ಗೊತ್ತು. ಭಾಷೆ ಕಲಿಯಲು, ಮನೆ ಮನೆಗೆ ಹೋಗಲು, ಚಾಪೆಯ ಮೇಲೆ ಕೂರಲು ಆ ಒಂದು ವರ್ಷವನ್ನು ಬಿಟ್ಟುಕೊಡಿ. ಮುಂದಿನ ಇಪ್ಪತ್ತು ವರ್ಷಗಳ ಸೇವೆಗೆ ಅದೇ ಅಡಿಪಾಯ.