ಬಿಲ್ಲಿನಲ್ಲಿರುವ 'ಧರ್ಮ': ಅದು ಯಾರ ಹಣ?

ಸಗಟು ವ್ಯಾಪಾರದ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದರೆ ಸರಕಿನ ಬೆಲೆ, ಹಮಾಲಿ, ಚೀಲದ ಬಾಬ್ತು ಇವುಗಳ ಕೆಳಗೆ 'ಧರ್ಮ' ಎಂಬ ಸಣ್ಣ ಸಾಲೊಂದು ಹಲವೆಡೆ ಕಾಣಸಿಗುತ್ತದೆ. ಉತ್ತರ ಭಾರತದ ವರ್ತಕರು ಇದನ್ನೇ 'ಧರ್ಮಾದಾ' ಎನ್ನುತ್ತಾರೆ. ದೇವಸ್ಥಾನ, ಗೋಶಾಲೆ, ಛತ್ರ, ಪಾಠಶಾಲೆ ಇತ್ಯಾದಿಗಳಿಗೆಂದು ಸರಕಿನ ತೂಕ ಅಥವಾ ಬೆಲೆಯ ಮೇಲೆ ಇಂತಿಷ್ಟು ಎಂದು ವಸೂಲು ಮಾಡುವ ಈ ಹಣ ಒಂದು ಬಿಲ್ಲಿನಲ್ಲಿ ಕೆಲವೇ ಪೈಸೆ ಅಥವಾ ರೂಪಾಯಿ. ಆದರೆ ವರ್ಷಾಂತ್ಯದಲ್ಲಿ ಅದು ಯಾವ ಖಾತೆಗೆ ಸೇರಬೇಕೆಂಬ ಪ್ರಶ್ನೆ ಎದ್ದಾಗ ಅನೇಕ ವರ್ತಕರು ತಬ್ಬಿಬ್ಬಾಗುತ್ತಾರೆ.

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಕಾನೂನಿನಂತೆ ವಸೂಲಾಗುವ ಮಾರುಕಟ್ಟೆ ಶುಲ್ಕಕ್ಕೂ ಈ ಧರ್ಮದ ಹಣಕ್ಕೂ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಶಾಸನದಿಂದ ಬಂದದ್ದು, ಎರಡನೆಯದು ವ್ಯಾಪಾರದ ರೂಢಿಯಿಂದ ಬಂದದ್ದು. ಚನ್ನಪಟ್ಟಣ, ಕನಕಪುರ, ಮಾಗಡಿಯ ವರ್ತಕರು ಇವೆರಡನ್ನು ಬೆರೆಸದಿರುವುದು ಒಳ್ಳೆಯದು.

ರೂಢಿ ಬಹಳ ಹಳೆಯದು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ತಾವು ಸಾಗಿಸುವ ಸರಕಿನ ಒಂದೊಂದು ಹೇರಿಗೆ ಇಂತಿಷ್ಟೆಂದು ದೇವಾಲಯಗಳಿಗೆ ಬಿಟ್ಟುಕೊಟ್ಟ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ದೊರೆಯುತ್ತದೆ. ಆ ದತ್ತಿಗಳಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೊಡುವವರು, ಪಡೆಯುವ ದೇವಾಲಯ, ಸರಕು ಮತ್ತು ದರ ಇವನ್ನೆಲ್ಲ ಕಲ್ಲಿನ ಮೇಲೆ ಬರೆದಿಟ್ಟಿರುವುದು. ಲೆಕ್ಕಪತ್ರದ ದೃಷ್ಟಿಯಿಂದ ಇದಕ್ಕಿಂತ ಸ್ಪಷ್ಟವಾದ ಠರಾವು ಬೇಕಿಲ್ಲ.

ಇಂಗ್ಲೆಂಡಿನ ಕರಾವಳಿಯಲ್ಲಿ ಇದೇ ಬಗೆಯ ಪದ್ಧತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಭೂಮಿಯ ಬೆಳೆಯ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲುತ್ತಿತ್ತು. ಸಮುದ್ರದ ಮೀನು ಭೂಮಿಯ ಬೆಳೆಯಲ್ಲವಾದ್ದರಿಂದ ಅದರ ಮೇಲಿನ ದಶಾಂಶ ಆಯಾ ಊರಿನ ರೂಢಿಯನ್ನು ಅವಲಂಬಿಸಿತ್ತು. ರೂಢಿಯಿದ್ದಲ್ಲಿ ಮಾತ್ರ ಮೀನುಗಾರನು ಕೊಡಬೇಕು. ದುಡಿಮೆಯ ಮೇಲಿನ ದಶಾಂಶವನ್ನು ಖರ್ಚು ಕಳೆದು ಉಳಿದ ನಿವ್ವಳ ಲಾಭದ ಮೇಲೆ ಲೆಕ್ಕ ಹಾಕಬೇಕೆಂಬ ತತ್ತ್ವವನ್ನು 1549ರ ಶಾಸನ ಒಪ್ಪಿತ್ತು. ದೋಣಿ, ಬಲೆ, ಉಪ್ಪು ಇವುಗಳ ಖರ್ಚು ಕಳೆಯದೆ ಹಿಡಿದ ಮೀನಿನಲ್ಲೇ ಪಾಲು ಕೇಳಿದರೆ ಜಗಳ ಹುಟ್ಟುವುದು ಸಹಜ. ಇಂದಿನ ಭಾಷೆಯಲ್ಲಿ ಅದು ವಹಿವಾಟಿನ ಮೇಲಿನ ವಸೂಲಿಗೂ ಲಾಭದ ಮೇಲಿನ ವಸೂಲಿಗೂ ಇರುವ ಅಂತರ. ನಮ್ಮ 'ಧರ್ಮ'ವೂ ವಹಿವಾಟಿನ ಮೇಲಿನದೇ; ವರ್ತಕನಿಗೆ ಆ ವರ್ಷ ನಷ್ಟವಾದರೂ ಅದು ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಮತ್ತೊಂದಿತ್ತು. ಹದಿನಾರನೆಯ ಶತಮಾನದಲ್ಲಿ ಮಠಗಳನ್ನು ಮುಚ್ಚಿದ ಮೇಲೆ ಅನೇಕ ಊರುಗಳ ದಶಾಂಶದ ಹಕ್ಕು ಖಾಸಗಿ ಭೂಮಾಲೀಕರ ಕೈಸೇರಿತು. ದೇವರ ಹೆಸರಿನಲ್ಲಿ ಕೊಟ್ಟದ್ದು ಗೃಹಸ್ಥನ ಜೇಬಿಗೆ ಹೋಗುವುದನ್ನು ಕಂಡ ಮೀನುಗಾರರಿಗೆ ಅದನ್ನು ಕೊಡಲು ಮನಸ್ಸು ಹೇಗೆ ಬಂದೀತು? ಕಾರ್ನ್‌ವಾಲ್ ಪ್ರಾಂತ್ಯದ ನ್ಯೂಲಿನ್ ಮತ್ತು ಮೌಸ್‌ಹೋಲ್ ಎಂಬ ಊರುಗಳ ಮೀನುಗಾರರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇದನ್ನು ಬಹಿರಂಗವಾಗಿ ವಿರೋಧಿಸಿದರು. 1836ರ ಕಾಯಿದೆ ಭೂಮಿಯ ದಶಾಂಶವನ್ನು ನಗದು ಪಾವತಿಯಾಗಿ ಪರಿವರ್ತಿಸಿತಾದರೂ ಮೀನಿನ ದಶಾಂಶಕ್ಕೆ ಅದು ತಾನಾಗಿ ಅನ್ವಯಿಸಲಿಲ್ಲ.

ನಮ್ಮ ಮಂಡಿಗಳಲ್ಲಿಯೂ ಇಂಥ ಅಸಮಾಧಾನವಿತ್ತು. ರೈತನ ಪಟ್ಟಿಯಿಂದ ಧರ್ಮದ ಹೆಸರಿನಲ್ಲಿ, ಗೋಶಾಲೆಯ ಹೆಸರಿನಲ್ಲಿ ಹಣ ಕಡಿತ ಮಾಡುತ್ತಿದ್ದುದನ್ನು 1928ರ ರಾಯಲ್ ಕೃಷಿ ಆಯೋಗದ ವರದಿ ಆಕ್ಷೇಪಿಸಿತು. ನಿಯಂತ್ರಿತ ಮಾರುಕಟ್ಟೆಗಳ ಬೇಡಿಕೆಗೆ ಇದೂ ಒಂದು ಕಾರಣ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಈ ಹಣ ಮಾರುವ ರೈತನ ಪಟ್ಟಿಯಿಂದ ಕಡಿತವಾದದ್ದೇ, ಕೊಳ್ಳುವವನ ಬಿಲ್ಲಿಗೆ ಸೇರಿಸಿದ್ದೇ? ರೈತನಿಂದ ಅನಧಿಕೃತವಾಗಿ ಕಡಿತ ಮಾಡಿದ್ದಾದರೆ ಅದನ್ನು ಎಷ್ಟೇ ಪುಣ್ಯಕಾರ್ಯಕ್ಕೆ ಬಳಸಿದರೂ ಸಮರ್ಥನೆ ದೊರೆಯದು. ಮುಂದಿನ ಮಾತೆಲ್ಲ ಎರಡನೆಯ ಬಗೆಗೆ ಸಂಬಂಧಿಸಿದ್ದು.

ಆದಾಯ ತೆರಿಗೆಯ ಮಟ್ಟಿಗೆ ಈ ವಿಷಯದಲ್ಲಿ ಪ್ರಮುಖ ತೀರ್ಪು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದ್ದು (1979, 116 ಐ.ಟಿ.ಆರ್., ಪುಟ 60). ನೂಲು ತಯಾರಿಸಿ ಮಾರುತ್ತಿದ್ದ ಆ ಸಂಸ್ಥೆ ಗಿರಾಕಿಗಳ ಬಿಲ್ಲಿನಲ್ಲಿ ಧರ್ಮಾದಾವನ್ನು ಬೇರೆಯಾಗಿ ತೋರಿಸುತ್ತಿತ್ತು. ಅದನ್ನು ಲಾಭ-ನಷ್ಟದ ಖಾತೆಗೆ ತರದೆ ಪ್ರತ್ಯೇಕ ಖಾತೆಯಲ್ಲಿಡುತ್ತಿತ್ತು. ಸರಕು ಬೇಕೆಂದರೆ ಗಿರಾಕಿ ಈ ಹಣವನ್ನೂ ಕೊಡಲೇಬೇಕು, ಆದ್ದರಿಂದ ಇದು ಬೆಲೆಯ ಭಾಗವೇ ಎಂಬುದು ಇಲಾಖೆಯ ವಾದ. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹಣ ಕೈಸೇರಿದ ಕ್ಷಣದಿಂದಲೇ ಅದಕ್ಕೆ ಧರ್ಮಕಾರ್ಯದ ಹೊಣೆ ಅಂಟಿಕೊಂಡಿರುತ್ತದೆ, ಅದು ವರ್ತಕನ ವ್ಯಾಪಾರದ ಆದಾಯವಲ್ಲ ಎಂದು ತೀರ್ಮಾನಿಸಿತು. 'ಧರ್ಮ' ಎಂಬ ಶಬ್ದ ಅಸ್ಪಷ್ಟವೆಂಬ ಕಾರಣಕ್ಕೆ ಉಯಿಲಿನ ದಾನವನ್ನು ಪ್ರಿವಿ ಕೌನ್ಸಿಲ್ 1899ರಲ್ಲಿ ಅಸಿಂಧುವೆಂದಿತ್ತು. ಆದರೆ 'ಧರ್ಮಾದಾ' ಎಂಬುದಕ್ಕೆ ವರ್ತಕರ ನಡುವೆ ದಾನಧರ್ಮವೆಂಬ ನಿಶ್ಚಿತ ಅರ್ಥವಿದೆಯೆಂದು ಈ ತೀರ್ಪು ಅದನ್ನು ಬೇರ್ಪಡಿಸಿತು. ನ್ಯಾಯಾಲಯ ವರ್ತಕರ ರೂಢಿಗೆ ಇಷ್ಟು ಮರ್ಯಾದೆ ಕೊಟ್ಟ ಸಂದರ್ಭಗಳು ವಿರಳ.

ಕೇಂದ್ರ ಅಬಕಾರಿ ಸುಂಕಕ್ಕೆ ಸಂಬಂಧಿಸಿದ ಡಿ.ಜೆ. ಮಾಲ್ಪಾನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದೇ ದಾರಿ ಹಿಡಿದು, ಧರ್ಮಾದಾ ಸರಕಿನ ವಹಿವಾಟು ಮೌಲ್ಯಕ್ಕೆ ಸೇರದು ಎಂದಿತು. ಆದರೆ ಈ ತೀರ್ಪನ್ನು ಹಿಡಿದುಕೊಂಡು ಜಿ.ಎಸ್.ಟಿ. ಬಿಲ್ಲಿನಲ್ಲಿ ಮನಬಂದಂತೆ ವಿಂಗಡಿಸುವುದು ಜಾಣತನವಲ್ಲ. ಜಿ.ಎಸ್.ಟಿ. ಕಾಯಿದೆಯ 15ನೇ ಪ್ರಕರಣದ ಪದಗಳು ಬೇರೆ; ಸರಬರಾಜಿಗೆ ಸಂಬಂಧಿಸಿ ಕೇಳುವ ಪ್ರಾಸಂಗಿಕ ಖರ್ಚುಗಳು ಅಲ್ಲಿ ಮೌಲ್ಯಕ್ಕೆ ಸೇರುತ್ತವೆ. ಗಿರಾಕಿ ಇಷ್ಟಪಟ್ಟು ಕೊಟ್ಟದ್ದಕ್ಕೂ ಕಡ್ಡಾಯವಾಗಿ ಸೇರಿಸಿದ್ದಕ್ಕೂ ಪುರಾವೆ ಬೇರೆ ಬೇರೆಯಾಗಿರಬೇಕು.

ಇನ್ನು ಲೆಕ್ಕದ ರೀತಿ. ಒಬ್ಬ ವರ್ತಕನ ವಾರ್ಷಿಕ ಮಾರಾಟ 60 ಲಕ್ಷ ರೂಪಾಯಿ, ಧರ್ಮದ ದರ ನೂರಕ್ಕೆ 10 ಪೈಸೆ ಎಂದಿಟ್ಟುಕೊಂಡರೆ ವರ್ಷಕ್ಕೆ 6,000 ರೂಪಾಯಿ ಸೇರುತ್ತದೆ. ಹನ್ನೆರಡು ವರ್ಷ ಅದನ್ನು ಮುಟ್ಟದಿದ್ದರೆ 72,000. ಈ ಮೊತ್ತ ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯಾಗಿ ಕಾಣಬೇಕು. ಬ್ಯಾಂಕಿನಲ್ಲಿ ಅದಕ್ಕೆ ತಕ್ಕ ಹಣವೂ ಇರಬೇಕು. ಸಾಮಾನ್ಯವಾಗಿ ತೊಡಕಾಗುವುದು ಇಲ್ಲಿಯೇ: ಪುಸ್ತಕದಲ್ಲಿ ಖಾತೆ ಇರುತ್ತದೆ, ಹಣ ಮಾತ್ರ ಎಂದೋ ಸರಕಿನ ಖರೀದಿಗೆ ಕರಗಿಹೋಗಿರುತ್ತದೆ. ವರ್ಷಗಟ್ಟಲೆ ಖರ್ಚಾಗದೆ, ವ್ಯಾಪಾರದಲ್ಲೇ ಸುತ್ತುತ್ತಿರುವ ಹಣಕ್ಕೆ ಬಿಜ್ಲಿ ತೀರ್ಪಿನ ಆಶ್ರಯ ಕೋರುವುದು ಕಷ್ಟ. ಅಧಿಕಾರಿ ಮೊದಲು ಕೇಳುವುದು ದಾನದ ರಸೀದಿಯನ್ನೇ.

ಮತ್ತೊಂದು ತಪ್ಪು ಹೆಚ್ಚು ಪ್ರಚಲಿತ. ಗಿರಾಕಿಯಿಂದ ಪಡೆದ ಧರ್ಮದ ಹಣವನ್ನು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟು, ರಸೀದಿಯನ್ನು ತನ್ನ ಹೆಸರಿನಲ್ಲಿ ಬರೆಸಿಕೊಂಡು, ಅದರ ಮೇಲೆ ತನ್ನ ಆದಾಯದಿಂದ ವಿನಾಯಿತಿ ಕೇಳುವುದು. ತನ್ನ ಆದಾಯವೇ ಅಲ್ಲವೆಂದ ಹಣದಿಂದ ಕೊಟ್ಟ ದಾನ ತನ್ನದಾಗುವುದು ಹೇಗೆ? ಆ ರಸೀದಿ ಧರ್ಮದ ಖಾತೆಯ ವೋಚರಾಗಿ ಉಳಿಯಬೇಕು, ಅಷ್ಟೇ. ಅಂಗಡಿಯ ಹೆಸರು ಅಚ್ಚಾದ ಕ್ಯಾಲೆಂಡರಿಗೋ ಉತ್ಸವದ ಫಲಕಕ್ಕೋ ಈ ಹಣ ಬಳಕೆಯಾದರೆ ಅದು ಜಾಹೀರಾತಿನ ಖರ್ಚು. ಧರ್ಮದ ಖಾತೆಗೆ ಅದನ್ನು ಮರಳಿ ತುಂಬಬೇಕಾಗುತ್ತದೆ.

ಪಾಲುದಾರಿಕೆ ಸಂಸ್ಥೆಯಾದರೆ ಹಣ ಯಾವ ಕಾರ್ಯಗಳಿಗೆ, ಯಾರ ಒಪ್ಪಿಗೆಯಿಂದ ಹೋಗಬೇಕೆಂದು ಬರಹದಲ್ಲಿ ನಿಶ್ಚಯಿಸಿಕೊಳ್ಳುವುದು ಲೇಸು. ಪಾಲುದಾರರು ಬೇರೆಯಾಗುವಾಗ ಧರ್ಮದ ಖಾತೆಯ ಶಿಲ್ಕನ್ನು ಬಂಡವಾಳದಂತೆ ಹಂಚಿಕೊಳ್ಳುವ ಹಕ್ಕು ಯಾರಿಗೂ ಇಲ್ಲ; ವಿಂಗಡಣೆಯ ದಸ್ತಾವೇಜಿಗೆ ಮೊದಲೇ ಅದನ್ನು ಉದ್ದೇಶಿತ ಕಾರ್ಯಕ್ಕೆ ಪಾವತಿ ಮಾಡಿ ಖಾತೆಯನ್ನು ಮುಕ್ತಾಯಗೊಳಿಸಬೇಕು.